ತಂತಿ ಬಂದ ಹೊತ್ತು, ತಲುಪಿದ ಹೊತ್ತು

ರೂಪಾಯಿ ನಾಣ್ಯಕ್ಕಿಂತ ಚೂರು ದೊಡ್ಡದಾದ ಒಂದು ಕಪ್ಪು ವೃತ್ತ. ಅಂಚಿನ ಸುತ್ತ ಊರಿನ ಹೆಸರು. ನಡುವೆ ತಾರೀಖು, ತಿಂಗಳು, ಇಸವಿ. ಕೆಲವದರಲ್ಲಿ ಗಂಟೆಯೂ ಇರುತ್ತದೆ. ಶಾಯಿ ಹೆಚ್ಚಾದರೆ ಅಕ್ಷರಗಳೆಲ್ಲ ಕಲಸಿಕೊಂಡಿರುತ್ತವೆ, ಕಡಿಮೆಯಾದರೆ ಅರ್ಧಚಂದ್ರ ಮಾತ್ರ ಮೂಡಿರುತ್ತದೆ. ಅಂಚೆ ಮತ್ತು ತಂತಿ ಕಚೇರಿಗಳ ಈ ತಾರೀಖಿನ ಮುದ್ರೆಗಳನ್ನು ಹುಡುಕಿ ಸಂಗ್ರಹಿಸುವವರು ಬಹಳ ಜನ ಇದ್ದಾರೆ. ಅವರಿಗೆ ಮುದ್ರೆ ಎಷ್ಟು ಸ್ವಚ್ಛವಾಗಿದೆ, ಕಚೇರಿ ಎಷ್ಟು ಅಪರೂಪದ್ದು ಎನ್ನುವುದು ಮುಖ್ಯ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಸುದ್ದಿ ಹೇಗೆ ಓಡಾಡುತ್ತಿತ್ತು ಎಂದು ಓದುತ್ತಿರುವ ನನಗೆ ಬೇರೆಯದೇ ಪ್ರಶ್ನೆ. ಈ ವೃತ್ತ ಹೇಳುವುದು ಯಾವ ಹೊತ್ತನ್ನು? ತಂತಿ ಕಚೇರಿಗೆ ಬಂದ ಹೊತ್ತನ್ನೋ, ಮನೆಗೆ ತಲುಪಿದ ಹೊತ್ತನ್ನೋ? ಎರಡರ ನಡುವೆ ಒಂದು ಹೊಳೆ, ಒಂದಷ್ಟು ಕಾಡು, ಒಮ್ಮೊಮ್ಮೆ ಒಂದು ರಾತ್ರಿಯೂ ಇರುತ್ತಿತ್ತು.

ಮೊದಲು ಮುದ್ರೆಯ ದಿನಚರಿ. ಅಂಚೆ ಕಚೇರಿಯಲ್ಲಿ ಬೆಳಗ್ಗೆ ಬಾಗಿಲು ತೆಗೆದ ಮೇಲಿನ ಮೊದಲ ಕೆಲಸಗಳಲ್ಲಿ ಒಂದು ಮುದ್ರೆಯ ಹೊಟ್ಟೆಯೊಳಗಿನ ಪುಟ್ಟ ಅಚ್ಚುಗಳನ್ನು ಬದಲಿಸುವುದು. ನೆನ್ನೆಯ ತಾರೀಖು ತೆಗೆದು ಇವತ್ತಿನದನ್ನು ಕೂರಿಸಬೇಕು. ಆಮೇಲೆ ಅದಕ್ಕೆಂದೇ ಇಟ್ಟ ಪುಸ್ತಕದಲ್ಲಿ ಒಂದು ಗುರುತು ಒತ್ತಿ, ಸರಿಯಾಗಿದೆ ಎಂದು ಪೋಸ್ಟ್‌ಮಾಸ್ಟರು ಸಹಿ ಹಾಕಬೇಕು. ಇಷ್ಟಾಗದೆ ಒಂದು ಕಾಗದಕ್ಕೂ ಮುದ್ರೆ ಬೀಳುವ ಹಾಗಿಲ್ಲ. ಮುದ್ರೆಯ ತಾರೀಖಿಗೆ ಸರ್ಕಾರದಲ್ಲೂ ಕೋರ್ಟಿನಲ್ಲೂ ಸಿಗುವ ಮರ್ಯಾದೆಯ ಹಿಂದೆ ಈ ಸಣ್ಣ ಶಿಸ್ತು ಇದೆ.

ಆದರೆ ಮುದ್ರೆಯೊಳಗಿನ ಗಂಟೆ ಯಾರ ಗಂಟೆ? 1906ರ ಜನವರಿ 1ರಂದು ಭಾರತೀಯ ಪ್ರಮಾಣ ಕಾಲ ಬಳಕೆಗೆ ಬರುವ ತನಕ ದೇಶದ ತಂತಿ ಕಚೇರಿಗಳೆಲ್ಲ ಮದ್ರಾಸಿನ ಗಡಿಯಾರದಂತೆ ನಡೆಯುತ್ತಿದ್ದವು. ಮದ್ರಾಸು ಹುಣಸೂರಿಗಿಂತ ಸುಮಾರು ನಾಲ್ಕು ಡಿಗ್ರಿ ಪೂರ್ವಕ್ಕಿದೆ, ಅಂದರೆ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ನಮಗಿಂತ ಹದಿನಾರು ನಿಮಿಷ ಮೊದಲು. ತಂತಿಯ ಕಾಗದದಲ್ಲಿ ಹನ್ನೆರಡು ಗಂಟೆ ಎಂದಿದ್ದರೆ ಲಕ್ಷ್ಮಣತೀರ್ಥದ ದಡದಲ್ಲಿ ಇನ್ನೂ ಹನ್ನೊಂದೂ ಮುಕ್ಕಾಲು ಕೂಡ ಆಗಿರುತ್ತಿರಲಿಲ್ಲ. 1906ರ ಮೇಲೆ ಈ ಅಂತರ ಹತ್ತಿರ ಹತ್ತಿರ ಇಪ್ಪತ್ತೈದು ನಿಮಿಷಕ್ಕೆ ಏರಿತು. ಹೊಲದ ಕೆಲಸಕ್ಕೆ ಇದು ಲೆಕ್ಕಕ್ಕಿಲ್ಲ. ತಿಥಿ ನೋಡುವವರಿಗೆ, ಅದೂ ತಿಥಿ ಬದಲಾಗುವ ಗಳಿಗೆಯ ಹತ್ತಿರದ ಸಾವಾದರೆ, ಲೆಕ್ಕಕ್ಕಿದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ತಂತಿಗಿಂತ ಮೊದಲು ಮೈಸೂರು ಸೀಮೆಯಲ್ಲಿ ಅಂಚೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಿಂದ, ಎಂದರೆ 17ನೇ ಶತಮಾನದ ಕೊನೆಯ ಭಾಗದಿಂದ, ನಡೆದುಬಂದ ವ್ಯವಸ್ಥೆ ಅದು. ಅಂಚೆಯವರು ಅರಮನೆಗೆ ಸುದ್ದಿಯ ಜೊತೆಗೆ ಗುಟ್ಟುಗಳನ್ನೂ ತರುತ್ತಿದ್ದರು ಎನ್ನುವುದು ಇತಿಹಾಸದ ವಿದ್ಯಾರ್ಥಿಗಳೆಲ್ಲ ಓದಿರುವ ಸಂಗತಿ. ತಂತಿಯ ಕಥೆ ಬೇರೆ. 1850ರ ದಶಕದ ಮಧ್ಯದಲ್ಲಿ ಒಶಾನೆಸಿ ಎಂಬ ವೈದ್ಯನ ಮೇಲ್ವಿಚಾರಣೆಯಲ್ಲಿ ಮದ್ರಾಸಿನಿಂದ ಬೆಂಗಳೂರು, ಬಳ್ಳಾರಿಯ ಮೇಲೆ ಬೊಂಬಾಯಿಗೆ ತಂತಿ ಎಳೆದಾಗ ಅದು ಕಂಪನಿ ಸರ್ಕಾರದ ಸ್ವತ್ತಾಗಿತ್ತು. ಹಾಗಾಗಿ ಕೆಲವು ದಶಕ ಮೈಸೂರಿನಲ್ಲಿ ಸುದ್ದಿಗೆ ಇಬ್ಬರು ಯಜಮಾನರು: ಕಾಲ್ನಡಿಗೆಯ ಅಂಚೆ ಸಂಸ್ಥಾನದ್ದು, ಕಂಬದ ಮೇಲಿನ ತಂತಿ ಬ್ರಿಟಿಷರದ್ದು. 1889ರಲ್ಲಿ ಮೈಸೂರು ಅಂಚೆಯನ್ನು ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯೊಳಗೆ ವಿಲೀನ ಮಾಡಿದ ಮೇಲೆ ಎರಡೂ ಒಂದೇ ಕೈಗೆ ಹೋದವು.

ಈ ವಿಲೀನವನ್ನು ಸಂಸ್ಥಾನದ ಸ್ವಾಯತ್ತತೆಗೆ ಬಿದ್ದ ಪೆಟ್ಟು ಎಂದಷ್ಟೇ ನೋಡುವುದು ರೂಢಿ. ಗ್ರಾಮೀಣ ತಂತಿಯ ಕಡೆಯಿಂದ ನೋಡಿದರೆ ಇನ್ನೊಂದು ಮುಖ ಕಾಣುತ್ತದೆ. ಬ್ರಿಟಿಷ್ ಇಂಡಿಯಾದಲ್ಲಿ 1883ರಿಂದ ಅಂಚೆ ಕಚೇರಿಯಲ್ಲೇ ತಂತಿಯ ಕೆಲಸವನ್ನೂ ನಡೆಸುವ ಏರ್ಪಾಡು ಶುರುವಾಗಿತ್ತು. ಪ್ರತ್ಯೇಕ ಕಟ್ಟಡ, ಪ್ರತ್ಯೇಕ ಸಿಬ್ಬಂದಿ ಇಟ್ಟುಕೊಂಡು ತಂತಿ ಇಲಾಖೆ ತಾಲ್ಲೂಕು ಪೇಟೆಗಳಿಗೆ ಬರುವುದು ಕನಸಿನ ಮಾತು. ಪೋಸ್ಟ್‌ಮಾಸ್ಟರಿಗೇ ಮೋರ್ಸ್ ಕಲಿಸಿ, ಸ್ಟಾಂಪು ಮಾರುವ ಮೇಜಿನ ಪಕ್ಕದಲ್ಲಿ ಒಂದು ಕೀಲಿ, ಒಂದು ಸೌಂಡರು, ಒಂದಷ್ಟು ಬ್ಯಾಟರಿ ಇಟ್ಟರೆ ಕಡಿಮೆ ಖರ್ಚಿನಲ್ಲಿ ಕೆಲಸ ಆಗುತ್ತದೆ. ಅಂಚೆ ಕಚೇರಿಗಳು ಬೇರೆ ಸರ್ಕಾರದ್ದಾಗಿರುವ ತನಕ ಮೈಸೂರಿನ ಪೇಟೆಗಳಲ್ಲಿ ಇದು ಸುಲಭವಿರಲಿಲ್ಲ. ‘ಪೋಸ್ಟ್ ಅಂಡ್ ಟೆಲಿಗ್ರಾಫ್ ಆಫೀಸ್’ ಎಂಬ ಬೋರ್ಡು ನಮ್ಮ ಕಡೆ ಹಬ್ಬಲು ಈ ವಿಲೀನವೇ ದಾರಿ ಮಾಡಿತು ಎಂದು ನನ್ನ ಅಂದಾಜು. ಎರಡೂ ಇಲಾಖೆಗಳೇ ಒಂದಾದದ್ದು ಇನ್ನೂ ಮುಂದೆ, 1914ರಲ್ಲಿ. ಕಳೆದುಕೊಂಡದ್ದೂ ಉಂಟು. ಮೈಸೂರು ಅಂಚೆಯ ಮುದ್ರೆಗಳಲ್ಲಿ ಕನ್ನಡ ಅಕ್ಷರಗಳಿದ್ದವು. ಆಮೇಲಿನ ಮುದ್ರೆಗಳಲ್ಲಿ ಊರಿನ ಹೆಸರು ಇಂಗ್ಲಿಷಿಗೆ ಹೋಯಿತು, ಸ್ವಾತಂತ್ರ್ಯ ಬಂದ ಮೇಲೆ ಹೆಚ್ಚಿನ ಕಡೆ ಇಂಗ್ಲಿಷಿನ ಜೊತೆ ಹಿಂದಿ ಬಂತು.

ಮುದ್ರೆಯ ಮೇಲಿನ ಹೆಸರು ಸಣ್ಣ ವಿಷಯವಲ್ಲ. ಪಿರಿಯಾಪಟ್ಟಣ ಇಂಗ್ಲಿಷಿನಲ್ಲಿ ‘ಪೆರಿಯಾಪಟ್ನ’ ಆಗಿ, ಆ ರೂಪವನ್ನೇ ಮತ್ತೆ ಕನ್ನಡದಲ್ಲಿ ಬರೆಯುವವರು ಈಗ ನಮ್ಮ ನಡುವೆಯೇ ಇದ್ದಾರೆ. ಹಿರಿದು ಎಂಬರ್ಥದ ‘ಪಿರಿಯ’ ಕಿವಿಗೆ ಬೀಳದಂತಾಗಲು ರೈಲ್ವೆ ವೇಳಾಪಟ್ಟಿಯೂ ಬೇಕಾಗಲಿಲ್ಲ. ಆ ಊರಿಗೆ ರೈಲೇ ಇಲ್ಲ. ಹುಣಸೂರನ್ನು ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ‘ಹೂನ್ಸೂರ್’ ಎಂದು ಹುಡುಕಬೇಕು. ಕೃಷ್ಣರಾಜನಗರದ್ದು ಇನ್ನೊಂದು ಬಗೆ. ಅದು ಹಳೆಯ ಎಡತೊರೆ ತಾಲ್ಲೂಕು. ಕಾವೇರಿಯ ದಡದ ಎಡತೊರೆಗೆ ನೀರಿನ ಭಯವಿದ್ದ ಕಾರಣ ಸುಮಾರು 1920ರ ದಶಕದ ಕೊನೆಯ ಹೊತ್ತಿಗೆ ಹತ್ತಿರದಲ್ಲೇ ಹೊಸ ಊರು ಎದ್ದು, ನಾಲ್ವಡಿಯವರ ಹೆಸರನ್ನು ಪಡೆಯಿತು. ಕೃಷ್ಣರಾಜಪೇಟೆ, ಕೃಷ್ಣರಾಜಸಾಗರ, ಕೃಷ್ಣರಾಜಪುರ ಎಲ್ಲ ಒಂದೇ ಸಂಸ್ಥಾನದಲ್ಲಿ. ಎಲ್ಲಕ್ಕೂ ‘ಕೆ.ಆರ್.’ ಎಂಬ ಅದೇ ಮೊಟಕು. ಪದಕ್ಕಿಷ್ಟು ಎಂದು ದುಡ್ಡು ಎಣಿಸಿ ವಿಳಾಸವನ್ನೂ ಮೊಟಕು ಮಾಡುವ ತಂತಿಯಲ್ಲಿ ಈ ಹೆಸರುಗಳು ಎಂಥ ಗೋಜಲು ಎಂದು ಊಹಿಸಿಕೊಳ್ಳಬಹುದು. ಅಂಥ ಗೋಜಲು ಬಂದಾಗ ಯಾವ ಊರಿನ ಮುದ್ರೆ ಬಿದ್ದಿದೆ ಎಂದು ನೋಡುವುದೇ ಉಳಿದ ದಾರಿ.

ನಾಲ್ಕು ತಾಲ್ಲೂಕುಗಳಲ್ಲಿ ಕೆ.ಆರ್. ನಗರಕ್ಕೆ ಮಾತ್ರ ರೈಲು. ಮೈಸೂರು–ಅರಸೀಕೆರೆ ಮಾರ್ಗ 1918ರಲ್ಲಿ ಬಂತು. ರೈಲು ಬಂದಲ್ಲಿ ಹಳಿಯ ಪಕ್ಕದಲ್ಲೇ ರೈಲ್ವೆಯ ತಂತಿಯೂ ಬರುತ್ತದೆ, ರೈಲ್ವೆ ನಿಲ್ದಾಣಗಳಲ್ಲಿ ಸಾರ್ವಜನಿಕರ ತಂತಿಯನ್ನೂ ತೆಗೆದುಕೊಳ್ಳುವ ಪದ್ಧತಿ ಇತ್ತು. ಹುಣಸೂರಿಗೆ ರೈಲಿಲ್ಲದಿದ್ದರೂ ಮೈಸೂರು–ಮಡಿಕೇರಿ ರಸ್ತೆ ಇತ್ತು. ಕಂಪನಿ ಸರ್ಕಾರದ ಕಾಲದ ಚರ್ಮದ ಕಾರ್ಖಾನೆ, ಅಮೃತಮಹಲ್ ದನಗಳು, ಆಮೇಲೆ ಕೊಡಗಿನ ಕಾಫಿಯನ್ನು ಹದಮಾಡುವ ಕೆಲಸ ಇವೆಲ್ಲ ಅಲ್ಲಿದ್ದವು. ಇಂಥ ಪೇಟೆಯಲ್ಲಿ ತಂತಿ ಎಂದರೆ ಧಾರಣೆ. ವ್ಯಾಪಾರಿಗಳ ಹಳೆಯ ಲೆಟರ್‌ಹೆಡ್ಡುಗಳ ಮೂಲೆಯಲ್ಲಿ ‘ಗ್ರಾಮ್ಸ್’ ಎಂದು ಬರೆದು ಮುಂದೆ ಒಂದೇ ಒಂದು ಪದ ಇರುತ್ತದಲ್ಲ, ಅದು ನೋಂದಾಯಿಸಿದ ತಂತಿ ವಿಳಾಸ. ಇಡೀ ವಿಳಾಸಕ್ಕೆ ಒಂದು ಪದದ ದುಡ್ಡು ಕೊಟ್ಟರೆ ಸಾಕು. ಅದೇ ಪಿರಿಯಾಪಟ್ಟಣ, ಕೋಟೆ ಕಡೆಯ ರೈತನ ವಿಳಾಸ ‘ಇಂಥವರ ಮಗ ಇಂಥವರು, ಇಂಥ ಊರು, ಇಂಥ ಹೋಬಳಿ, ಇಂಥ ತಾಲ್ಲೂಕು’. ಸುದ್ದಿ ನಾಲ್ಕು ಪದ, ವಿಳಾಸ ಏಳೆಂಟು. ಬಡವನ ತಂತಿಯಲ್ಲಿ ದುಡ್ಡು ಹೆಚ್ಚು ಹೋಗುತ್ತಿದ್ದದ್ದು ಮನೆ ಎಲ್ಲಿದೆ ಎಂದು ಹೇಳುವುದಕ್ಕೇ.

ಆ ನಾಲ್ಕು ಪದಗಳಾದರೂ ಅವನವಲ್ಲ. ತಂತಿಯಲ್ಲಿ ಓಡುತ್ತಿದ್ದದ್ದು ರೋಮನ್ ಅಕ್ಷರ. 1949ರಲ್ಲಿ ದೇವನಾಗರಿಯಲ್ಲೂ ತಂತಿ ಶುರುವಾಯಿತಾದರೂ ಕೋಟೆಯ ಜನಕ್ಕೆ ಅದರಿಂದ ಏನೂ ಆಗಬೇಕಿರಲಿಲ್ಲ. ಫಾರಂ ತುಂಬಲು ಮೇಷ್ಟ್ರು ಬೇಕು, ಇಲ್ಲವೆ ತಾಲ್ಲೂಕು ಕಚೇರಿಯ ಮುಂದಿನ ಅರ್ಜಿ ಬರೆಯುವವರು ಬೇಕು, ಯಾರೂ ಇಲ್ಲದಿದ್ದರೆ ಪೋಸ್ಟ್‌ಮಾಸ್ಟರೇ. ಅವರಿಗೆಲ್ಲ ಒಂದು ಸಿದ್ಧ ಭಾಷೆ ಇತ್ತು: ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ’. ಇದರಲ್ಲಿ ‘ಸೀರಿಯಸ್’ ಎಂದರೆ ಏನು ಎಂದು ಕಳಿಸುವವರಿಗೂ ಗೊತ್ತು, ಓದುವವರಿಗೂ ಗೊತ್ತು. ದೂರದಲ್ಲಿರುವ ಮಗನಿಗೆ ಅಪ್ಪ ಹೋದ ಎಂದು ಒಂದೇ ಏಟಿಗೆ ಹೇಳಬಾರದು, ದಾರಿಯಲ್ಲಿ ಅವನ ಕೈಕಾಲು ಬಿದ್ದುಹೋಗುತ್ತದೆ, ಬಂದ ಮೇಲೆ ನೋಡಿಯೇ ತಿಳಿಯಲಿ ಎಂಬ ಮುತುವರ್ಜಿ ಅದು. ‘ಸೀರಿಯಸ್ಸಂತೆ’ ಎನ್ನುವ ಮಾತು ನಮ್ಮ ಕಡೆ ಇವತ್ತಿಗೂ ಅರ್ಧ ಸಾವಿನ ಸುದ್ದಿಯೇ. ನಮ್ಮಜ್ಜಿ ‘ತಂತಿ ಬಂತು’ ಎಂಬ ಮಾತನ್ನು ಒಳ್ಳೆಯ ಸುದ್ದಿಗೆ ಬಳಸಿದ್ದನ್ನು ನಾನಂತೂ ಕೇಳಿಲ್ಲ.

ಈ ಮುತುವರ್ಜಿಯಿಂದ ಒಂದು ತೊಡಕೂ ಹುಟ್ಟಿತು. ಪೋಸ್ಟ್‌ಮಾಸ್ಟರಿಗೆ ಅದು ತಿಳಿಯದೆ ಹೋಗಬಹುದು, ಪುರೋಹಿತರಿಗೆ ಖಂಡಿತ ತಿಳಿಯುತ್ತಿತ್ತು. ದೂರದಲ್ಲಿ ಸತ್ತವರ ಸೂತಕವನ್ನು ಯಾವತ್ತಿನಿಂದ ಎಣಿಸಬೇಕು? ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಇದಕ್ಕೆ ಲೆಕ್ಕ ಇದೆ. ಸಾವಿನ ಸುದ್ದಿ ಹತ್ತು ದಿನದೊಳಗೆ ಕಿವಿಗೆ ಬಿದ್ದರೆ ಉಳಿದ ದಿನಗಳಷ್ಟೇ ಸೂತಕ. ಹತ್ತು ದಿನ ಕಳೆದ ಮೇಲೆ ಬಿದ್ದರೆ ಮೂರು ರಾತ್ರಿ. ವರ್ಷ ಕಳೆದಿದ್ದರೆ ಸ್ನಾನ ಮಾಡಿದರೆ ಮುಗಿಯಿತು. ತಂದೆ ತಾಯಿಯ ವಿಷಯದಲ್ಲಿ ಆಮೇಲಿನ ಶಾಸ್ತ್ರಕಾರರು ಇನ್ನೂ ಬಿಗಿ: ಮಗ ಕೇಳಿದ ದಿನದಿಂದಲೇ ಪೂರ್ತಿ ಎಣಿಕೆ. ಅಂದರೆ ಸತ್ತ ದಿನ ಒಂದು, ಕೇಳಿದ ದಿನ ಇನ್ನೊಂದು, ಎರಡೂ ಬೇಕು. ಕಾಲ್ನಡಿಗೆಯಲ್ಲಿ ಸುದ್ದಿ ಬರುವ ಲೋಕಕ್ಕೆಂದು ಕಟ್ಟಿದ ಈ ಲೆಕ್ಕದೊಳಕ್ಕೆ ತಂತಿ ತನ್ನ ವೃತ್ತ ಮುದ್ರೆಯನ್ನು ಹಿಡಿದು ಬಂತು. ಕೇಳಿದ ದಿನಕ್ಕೆ ಮೊದಲ ಬಾರಿ ಸರ್ಕಾರಿ ಸಾಕ್ಷಿ ಸಿಕ್ಕಿತು. ಸತ್ತ ದಿನ ಮಾತ್ರ ‘ಸೀರಿಯಸ್’ ಎಂಬ ಪದದ ಹಿಂದೆ ಅಡಗಿಕೊಂಡಿತು. ಯುಗಾದಿಯ ಹೊತ್ತಿಗೆ ಪಂಚಾಂಗ ಹಿಡಿದು ಬರುವ ಜೋಯಿಸರ ಮುಂದೆ ಮನೆಯವರು ತಂತಿಯ ಕಾಗದ ಇಟ್ಟು, ‘ಈ ತಾರೀಖಿನ ಹಿಂದಿನ ರಾತ್ರಿ ಇರಬೇಕು’ ಎಂದರೆ, ಮಧ್ಯರಾತ್ರಿಗೆ ಬದಲಾಗುವ ಇಂಗ್ಲಿಷ್ ತಾರೀಖನ್ನು ಅವರು ತಿಥಿಗೆ ತಿರುಗಿಸಿ ಹೇಳಬೇಕು. ಎಲ್ಲ ಜಾತಿಗಳಿಗೂ ಇದೇ ಕಟ್ಟಳೆ ಇರಲಿಲ್ಲ; ಲಿಂಗಾಯತರ ತತ್ವದಲ್ಲಿ ಸೂತಕಕ್ಕೆ ಜಾಗವೇ ಇಲ್ಲ. ಆದರೆ ಮೂರನೇ ದಿನದ ಹಾಲುತುಪ್ಪಕ್ಕೆ, ಹನ್ನೊಂದನೇ ದಿನದ ಕಾರ್ಯಕ್ಕೆ ಮಗ ಬಂದು ಸೇರುತ್ತಾನೋ ಇಲ್ಲವೋ ಎನ್ನುವ ಕಾತರ ಎಲ್ಲರ ಮನೆಯಲ್ಲೂ ಒಂದೇ.

ತಲುಪಿಸುವ ಕೆಲಸವೇ ಹಳ್ಳಿಯ ತಂತಿಯಲ್ಲಿ ಅತ್ಯಂತ ನಿಧಾನದ್ದು. ಬೊಂಬಾಯಿಯಿಂದ ಮೈಸೂರಿಗೆ, ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಸುದ್ದಿ ಗಂಟೆಗಳ ಲೆಕ್ಕದಲ್ಲಿ ಬರಬಹುದು. ತಂತಿ ಯಂತ್ರ ಇದ್ದದ್ದು ಪೇಟೆಯ ಕಚೇರಿಯಲ್ಲಿ. ಹಳ್ಳಿಯ ಶಾಖಾ ಅಂಚೆ ಕಚೇರಿ ಎಂದರೆ ಮೇಷ್ಟರ ಮನೆಯದೋ ಅಂಗಡಿಯದೋ ಜಗುಲಿ, ಒಂದು ಪೆಟ್ಟಿಗೆ, ಒಂದು ಮುದ್ರೆ. ಕಚೇರಿಯಿಂದ ಇಷ್ಟು ದೂರದೊಳಗೆ ಪುಕ್ಕಟೆಯಾಗಿ ಮುಟ್ಟಿಸಬೇಕು, ಅದರಾಚೆಗೆ ಕಳಿಸಿದವರು ಹೆಚ್ಚಿಗೆ ಕೂಲಿ ಕಟ್ಟಿದ್ದರೆ ಆಳು ಹೋಗಬೇಕು, ಕಟ್ಟದಿದ್ದರೆ ಮಾಮೂಲಿ ಅಂಚೆಯ ಚೀಲದಲ್ಲಿ ಹಾಕಿ ಕಳಿಸಬೇಕು. ಹೀಗೆ ಮಿಂಚಿನ ವೇಗದಲ್ಲಿ ಕೋಟೆಗೆ ಬಂದ ಸುದ್ದಿ ಮರುದಿನದ ಚೀಲಕ್ಕಾಗಿ ಕಾಯುತ್ತಾ ಕೂತಿರುವುದು ನಿಯಮದ ಪ್ರಕಾರವೇ ಸರಿ. ಕೋಟೆಯಿಂದ ಅಂತರಸಂತೆ, ಅಲ್ಲಿಂದ ಕಾಕನಕೋಟೆಯ ಕಾಡು ಹಾದು ಕೇರಳದ ಗಡಿಯ ಡಿ.ಬಿ. ಕುಪ್ಪೆ ತನಕದ ದಾರಿ ಗೊತ್ತಿದ್ದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಮಳೆಗಾಲದ ಕಪಿಲೆ, ಆನೆಯ ಹಾದಿ, ಕತ್ತಲಾದ ಮೇಲೆ ಹೊರಡಲು ಒಪ್ಪದ ಆಳು. ಅದೇ ಕಾಡಿನಲ್ಲಿ ಖೆಡ್ಡಾ ನೋಡಲು ವೈಸರಾಯ್ ಬಂದರೆ ಅವನ ಶಿಬಿರದ ಜೊತೆ ಅಂಚೆ ಕಚೇರಿಯೂ ಪಯಣ ಬರುತ್ತಿತ್ತು, ‘ವೈಸರಾಯ್ಸ್ ಕ್ಯಾಂಪ್’ ಎಂಬ ಹೆಸರಿನ ಮುದ್ರೆಯ ಸಮೇತ. ಕಾಡಿನವರಿಗೆ ಕಚೇರಿಯೇ ನಡೆದು ಬರುವ ಭಾಗ್ಯವಿರಲಿಲ್ಲ. 1970ರ ದಶಕದಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟಿನ ಹಿನ್ನೀರು ಈ ತಾಲ್ಲೂಕಿನ ಎಷ್ಟೋ ಊರುಗಳನ್ನು ಮುಳುಗಿಸಿದ ಮೇಲೆ ಆ ವಿಳಾಸಗಳೇ ಇಲ್ಲವಾದವು.

ಮುಟ್ಟಿಸಿದ ಹೊತ್ತಿಗೆ ದಾಖಲೆ ಇರಲಿಲ್ಲವೆ ಎಂದು ಕೇಳಬಹುದು. ಇತ್ತು. ತಂತಿ ತಂದವನ ಕೈಲಿ ಒಂದು ರಸೀತಿ ಚೀಟಿ ಇರುತ್ತಿತ್ತು. ತೆಗೆದುಕೊಂಡವರು ಅದರಲ್ಲಿ ಹೊತ್ತು ಬರೆದು ಸಹಿ ಹಾಕಬೇಕು, ಸಹಿ ಬಾರದವರು ಹೆಬ್ಬೆಟ್ಟು ಒತ್ತಬೇಕು. ಮನೆಯಲ್ಲಿ ಗಡಿಯಾರ ಇಲ್ಲದ, ಅಂಕಿ ಬಾರದ ಊರಿನಲ್ಲಿ ಆ ಹೊತ್ತನ್ನು ಯಾರು ಬರೆದಿರುತ್ತಾರೆ? ತಂದವನೇ. ಆ ಚೀಟಿ, ಕಳಿಸಿದವರ ಮೂಲ ಫಾರಂ ಎಲ್ಲವನ್ನೂ ಕೆಲವು ತಿಂಗಳ ಕಾಲ ಇಟ್ಟುಕೊಂಡು ಇಲಾಖೆ ನಾಶಮಾಡುತ್ತಿತ್ತು. ಉಳಿದದ್ದು ಮನೆಗೆ ಬಂದ ಪ್ರತಿ ಮಾತ್ರ, ಅದರ ಮೇಲೆ ಕಚೇರಿಗೆ ಬಂದ ಹೊತ್ತಿನ ಮುದ್ರೆ ಮಾತ್ರ.

ಈ ಅಂತರದೊಳಗೆ ಏನೆಲ್ಲ ನಡೆಯಬಹುದು ಎನ್ನುವುದಕ್ಕೆ ಮೈಸೂರಿನಲ್ಲೇ ಬದುಕಿ ಬರೆದ ಆರ್.ಕೆ. ನಾರಾಯಣರ ಒಂದು ಕಥೆ ನೆನಪಾಗುತ್ತದೆ. ‘ಮಾಲ್ಗುಡಿ ಡೇಸ್’ ಸಂಕಲನದ ‘ದಿ ಮಿಸ್ಸಿಂಗ್ ಮೇಲ್’. ಬೀದಿಯವರಿಗೆಲ್ಲ ಬೇಕಾದ ಪೋಸ್ಟ್‌ಮ್ಯಾನ್ ತಾನಪ್ಪ, ಮದುವೆ ನಿಂತುಹೋದೀತೆಂದು ಸಾವಿನ ಸುದ್ದಿಯ ಕಾಗದ, ತಂತಿ ಎರಡನ್ನೂ ಬಚ್ಚಿಟ್ಟು, ಎಲ್ಲ ಮುಗಿದ ಮೇಲೆ ತಂದುಕೊಡುತ್ತಾನೆ. ತಾರೀಖು ನೋಡಿದರೆ ಅವನ ತಪ್ಪು ಯಾರಿಗಾದರೂ ತಿಳಿಯುತ್ತದೆ, ದೂರು ಕೊಟ್ಟರೆ ಅವನ ಕೆಲಸ ಹೋಗುತ್ತದೆ. ಅದು ಅವನಿಗೂ ಗೊತ್ತು. ಕಥೆಯನ್ನು ಓದಿದವರು ತಾನಪ್ಪನ ಒಳ್ಳೆಯತನದ ಬಗ್ಗೆ ಮಾತಾಡುತ್ತಾರೆ. ನನಗೆ ಕಾಣುವುದು ಅವನ ಧೈರ್ಯ: ಮುದ್ರೆ ಬಿದ್ದ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತಿರುಗುವ ಧೈರ್ಯ.

ಕಾನೂನು ಕೂಡ ಮುದ್ರೆಗೆ ಎಷ್ಟು ನಂಬಿಕೆ ಕೊಡಬೇಕೆಂದು ಅಳೆದು ಕೊಟ್ಟಿತ್ತು. 1872ರ ಸಾಕ್ಷ್ಯ ಕಾಯ್ದೆಯ 88ನೇ ಕಲಮಿನ ಪ್ರಕಾರ, ತಂತಿ ಕಚೇರಿಯಿಂದ ವಿಳಾಸದಾರನಿಗೆ ಬಂದ ಸುದ್ದಿ ಆ ಕಡೆಯ ಕಚೇರಿಯಲ್ಲಿ ಕೊಟ್ಟ ಸುದ್ದಿಗೆ ಹೊಂದುತ್ತದೆ ಎಂದು ಕೋರ್ಟು ಭಾವಿಸಬಹುದಿತ್ತು. ಅದನ್ನು ಕೊಟ್ಟವರು ಯಾರು ಎಂಬುದರ ಬಗ್ಗೆ ಮಾತ್ರ ಏನನ್ನೂ ಭಾವಿಸುವಂತಿರಲಿಲ್ಲ. ಮೇಷ್ಟರು ಬರೆದ ಇಂಗ್ಲಿಷು, ಯಾರದೋ ಹೆಸರು, ಇನ್ಯಾರೋ ಕಟ್ಟಿದ ದುಡ್ಡು. ಈ ಕಲಮನ್ನು ಬರೆದವರಿಗೆ ತಾಲ್ಲೂಕು ಪೇಟೆಯ ಕಿಟಕಿಯ ಪರಿಚಯ ಚೆನ್ನಾಗಿಯೇ ಇದ್ದಿರಬೇಕು. ಇಷ್ಟು ಸಣ್ಣ ನಂಬಿಕೆಯೂ ಕೊನೆಯ ತನಕ ಉಪಯೋಗಕ್ಕೆ ಬಂತು. 2013ರಲ್ಲಿ ತಂತಿ ನಿಲ್ಲಿಸುವ ಸುದ್ದಿ ಬಂದಾಗ ಪತ್ರಿಕೆಗಳು ಉಳಿದ ಗಿರಾಕಿಗಳ ಪಟ್ಟಿ ಕೊಟ್ಟಿದ್ದವು: ರಜೆಗೆ ಪುರಾವೆ ಬೇಕಾದ ಸೈನಿಕರು, ವಕೀಲರು, ಮನೆಬಿಟ್ಟು ಮದುವೆಯಾಗಿ ಅಪ್ಪ ಅಮ್ಮನಿಗೆ ತಿಳಿಸುವ ಜೋಡಿಗಳು. ಸುದ್ದಿ ಮುಟ್ಟಿಸಲು ಅವರ ಬಳಿ ಮೊಬೈಲು ಇತ್ತು. ಅವರಿಗೆ ಬೇಕಿದ್ದದ್ದು ಮುದ್ರೆ.

ಉಳಿದವರನ್ನು ಟೆಲಿಫೋನು ಅದಕ್ಕೂ ಬಹಳ ಮೊದಲೇ ಕರೆದುಕೊಂಡಿತ್ತು. 1986ರಲ್ಲಿ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜು ಮೊದಲು ಕೂತದ್ದು ಕರ್ನಾಟಕದಲ್ಲೇ, ಕಿತ್ತೂರಿನಲ್ಲಿ. ಅಲ್ಲಿಂದ ಮುಂದೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳ ಕಾಲ. ಅದರ ಹಿಂದಿನ ವರ್ಷ ಅಂಚೆ ಮತ್ತು ದೂರಸಂಪರ್ಕ ಇಲಾಖೆಗಳು ಬೇರೆಯಾಗಿದ್ದವು. ಒಂದೇ ಮೇಜಿನ ಮೇಲೆ ಶುರುವಾದ ಸಂಸಾರ ಎರಡು ಪಾಲಾದಾಗ ತಂತಿ ದೂರಸಂಪರ್ಕದ ಪಾಲಿಗೆ ಬಂತು. 2013ರ ಜುಲೈ ಮಧ್ಯದಲ್ಲಿ ಅದನ್ನೂ ಮುಚ್ಚಿದರು.

ಈಗ ಈ ನಾಲ್ಕು ತಾಲ್ಲೂಕುಗಳ ತಂತಿಯ ಇತಿಹಾಸ ಬರೆಯಬೇಕೆಂದರೆ ಕಾಗದ ಎಲ್ಲಿದೆ? ಸರ್ಕಾರದ ಕಡತಗಳಲ್ಲಿ ಸಿಗುವುದು ಅಧಿಕಾರಿಗಳ ತಂತಿ. ಮನೆಗಳಲ್ಲಿ ಹುಡುಕಿದರೆ ಮೊದಲು ಸಿಗುವುದು ಶುಭಾಶಯದ ತಂತಿಗಳು. ಇಲಾಖೆಯವರು ಶುಭಾಶಯಗಳಿಗೆ ನಂಬರು ಕೊಟ್ಟಿದ್ದರು. ಮದುವೆಗೆ 8 ಎಂದು ಬರೆದರೆ ಸಾಕು, ದೀರ್ಘಕಾಲದ ಸುಖೀ ದಾಂಪತ್ಯದ ಹಾರೈಕೆ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರುತ್ತಿತ್ತು. ಅವು ಬಣ್ಣದ ಕಾಗದದಲ್ಲಿ ಬಂದು, ಮದುವೆಯ ಫೋಟೋಗಳ ಜೊತೆ ಟ್ರಂಕು ಸೇರಿದವು. ಕೆಲಸ ಸಿಕ್ಕಿದ ತಂತಿಯನ್ನೂ ಜೋಪಾನ ಮಾಡಿದರು. ದಿನನಿತ್ಯದ ಕಾಗದ ಪತ್ರಗಳು ತೊಲೆಗೆ ನೇತುಹಾಕಿದ ಕೊಕ್ಕೆ ತಂತಿಗೆ ಚುಚ್ಚಿಕೊಂಡು ಗೆದ್ದಲು ಬರುವ ತನಕ ಉಳಿದವು. ಸಾವಿನ ಕಾಗದವನ್ನು ಮಾತ್ರ ಯಾರೂ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಓದಿದ ಕೂಡಲೆ ಹರಿದು ಹೊರಗೆ ಹಾಕಿ, ಕೈಕಾಲು ತೊಳೆದು ಒಳಗೆ ಬರುವುದು ನಮ್ಮ ಪದ್ಧತಿ. ಯಾವ ತಂತಿಗಾಗಿ ಆಳು ರಾತ್ರಿಯಲ್ಲಿ ಹೊಳೆ ದಾಟಿದನೋ ಆ ತಂತಿಯೇ ಮೊದಲು ಹರಿದುಹೋದದ್ದು. ತಿಥಿ ಗೊತ್ತುಮಾಡುವ ತನಕ ಸೂರಿನ ಹೊರಗೆ, ದನದ ಕೊಟ್ಟಿಗೆಯ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟವುಗಳು ಅಲ್ಲೊಂದು ಇಲ್ಲೊಂದು ಇರಬಹುದು. ಹಳೆಯ ಮನೆ ಕೆಡವುವ ಸುದ್ದಿ ಬಂದಾಗಲೆಲ್ಲ ನಾನು ಕೊಟ್ಟಿಗೆಯನ್ನು ಮೊದಲು ನೋಡಲು ಬಿಡಿ ಎಂದು ಕೇಳುವುದು ಅದಕ್ಕೇ.